ನೂರು ರೂಪಾಯಿಯ ಕ್ಲಿಕ್ಕರ್, ಮೂರು ಸಾವಿರದ ಕರೆಂಟ್ ಪಟ್ಟಿ

ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ, ನಾಯಿ ಸಾಮಾನು ಮಾರುವ ಅಂಗಡಿಗೆ ಹೋಗಿ ‘ನಾಯಿ ಹೇಳಿದ ಮಾತು ಕೇಳ್ತಾ ಇಲ್ಲ’ ಎಂದರೆ ಕಪಾಟಿನಿಂದ ಹೊರಬರುವ ವಸ್ತುಗಳು ಹೆಚ್ಚುಕಡಿಮೆ ಐದು. ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಎನ್ನುವ ಕ್ಲಿಕ್ಕರ್, ಸೊಂಟಕ್ಕೆ ಸಿಕ್ಕಿಸುವ ತಿಂಡಿ ಚೀಲ, ಐದು ಅಥವಾ ಹತ್ತು ಮೀಟರಿನ ಉದ್ದ ಹಗ್ಗ, ಎಳೆದರೆ ಕುತ್ತಿಗೆ ಬಿಗಿಯುವ ಚೋಕ್ ಚೈನ್, ರಿಮೋಟ್ ಒತ್ತಿದರೆ ಕರೆಂಟ್ ಹೊಡೆಯುವ ಕೊರಳಪಟ್ಟಿ. ಮೊದಲ ಮೂರೂ ಸೇರಿ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತವೆ. ಕೊನೆಯದೊಂದಕ್ಕೇ ಎರಡು–ಮೂರು ಸಾವಿರ. ಬೆಲೆ ಹೆಚ್ಚಿದೆ, ಹಾಗಾಗಿ ಕೆಲಸವೂ ಹೆಚ್ಚು ಮಾಡೀತು ಎಂದುಕೊಂಡು ಅದನ್ನೇ ಕೊಳ್ಳುವವರಿದ್ದಾರೆ. ಅವರು ಹಣ ಕೊಡುವ ಮೊದಲು ಇದನ್ನು ಓದಲಿ ಎಂಬುದು ನಮ್ಮ ಆಸೆ. ಐದಕ್ಕೂ ಇಲ್ಲಿ ಇಟ್ಟಿರುವ ಪರೀಕ್ಷೆ ಒಂದೇ: ‘ಈಗ ನೀನು ಮಾಡಿದೆಯಲ್ಲ, ಅದು ಸರಿ’ ಎಂದು ನಾಯಿಗೆ ತಕ್ಕ ಗಳಿಗೆಯಲ್ಲಿ ಹೇಳಲು ಈ ವಸ್ತುವಿನಿಂದ ಸಾಧ್ಯವೇ?

ಕ್ಲಿಕ್ಕರ್‌ನಿಂದ ಶುರು ಮಾಡೋಣ. ಇದರಲ್ಲಿ ಎರಡು ಬಗೆ. ಪೆಟ್ಟಿಗೆ ಕ್ಲಿಕ್ಕರ್ ಬೆಂಕಿಪೊಟ್ಟಣದಷ್ಟಿರುತ್ತದೆ. ಪ್ಲಾಸ್ಟಿಕ್ ಗೂಡಿನೊಳಗೆ ಉಬ್ಬು ಕೊಟ್ಟ ಸ್ಟೀಲಿನ ನಾಲಿಗೆ. ಒತ್ತಿದಾಗ ಉಬ್ಬು ಒಳಕ್ಕೆ ಹೋಗಿ ಟಕ್, ಬಿಟ್ಟಾಗ ಹೊರಕ್ಕೆ ಬಂದು ಮತ್ತೊಂದು ಟಕ್. ಸದ್ದು ಜೋರು, ಗಾಳಿ ಬೀಸುವ ಕಡಲ ದಂಡೆಯಲ್ಲೂ ಹತ್ತು ಮೀಟರಿನಾಚೆಯ ನಾಯಿಗೆ ಕೇಳುತ್ತದೆ. ಗುಂಡಿ ಕ್ಲಿಕ್ಕರ್ ಮೊಟ್ಟೆಯಾಕಾರದ್ದು. ಸದ್ದು ಮೆತ್ತಗೆ, ಬೆರಳಿಗೆ ಹಗುರ, ವಯಸ್ಸಾದವರ ಕೈಗೂ ಒಗ್ಗುತ್ತದೆ. ಮನೆಯೊಳಗೆ, ಮರಿಗೆ, ಅಂಜುವ ನಾಯಿಗೆ ಗುಂಡಿಯದು ವಾಸಿ. ತೋಟದಲ್ಲಿ, ದಂಡೆಯಲ್ಲಿ ಕಲಿಸುವವರು ಪೆಟ್ಟಿಗೆಯದನ್ನೇ ಕೊಳ್ಳಲಿ.

ಅಂಗಡಿಯಲ್ಲೇ ಇಪ್ಪತ್ತು ಸಲ ಒತ್ತಿ ನೋಡಿ. ಇಪ್ಪತ್ತೂ ಸಲ ಒಂದೇ ಸದ್ದು ಬರಬೇಕು, ಗುಂಡಿ ಒಳಗೇ ಸಿಕ್ಕಿಕೊಳ್ಳಬಾರದು, ಮಣಿಕಟ್ಟಿಗೆ ಹಾಕುವ ಸುರುಳಿದಾರ ಇರಬೇಕು. ದಾರವಿಲ್ಲದ್ದು ಮೊದಲ ವಾರದಲ್ಲೇ ಅಡಿಕೆ ಮರದ ಬುಡದ ಸೊಪ್ಪಿನಲ್ಲಿ ಕಳೆದುಹೋಗುತ್ತದೆ. ಕರಾವಳಿಯ ಉಪ್ಪುಗಾಳಿಗೆ, ಘಟ್ಟದ ಮೇಲಿನ ಮಳೆಗಾಲದ ತೇವಕ್ಕೆ ಸ್ಟೀಲ್ ನಾಲಿಗೆ ತುಕ್ಕು ಹಿಡಿಯುವುದು ಇದರ ದೊಡ್ಡ ದೋಷ. ತುಕ್ಕು ಹಿಡಿದ ಮೇಲೆ ಸದ್ದು ಮಂದವಾಗುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಸದ್ದು ಬದಲಾದರೆ ನಾಯಿಗೆ ಅದು ಬೇರೆಯೇ ಮಾತು. ಜೂನ್ ಬರುವ ಮೊದಲೇ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ತೆಂಗಿನೆಣ್ಣೆ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಎರಡು ಒಟ್ಟಿಗೇ ಕೊಂಡರೆ ಒಂದೇ ಕಂಪನಿಯ ಒಂದೇ ಬಗೆಯದು ಕೊಳ್ಳಿ.

ನೂರು–ನೂರೈವತ್ತು ರೂಪಾಯಿಯ ಈ ಆಟಿಕೆಯಂಥ ವಸ್ತುವಿನಲ್ಲಿ ಏನಿದೆ ಅಷ್ಟು? ನಾಯಿ ಕುಳಿತದ್ದನ್ನು ನೋಡಿ ನೀವು ಚೀಲಕ್ಕೆ ಕೈಹಾಕಿ ತಿಂಡಿ ತೆಗೆದು ಬಾಯಿಗಿಡುವಷ್ಟರಲ್ಲಿ ಎರಡು ಮೂರು ಸೆಕೆಂಡು ಹೋಗುತ್ತದೆ. ಅಷ್ಟರಲ್ಲಿ ನಾಯಿ ಎದ್ದಿರುತ್ತದೆ, ಬಾಲ ಅಲ್ಲಾಡಿಸುತ್ತ ನಿಮ್ಮ ಮೇಲೆ ಕಾಲಿಟ್ಟಿರುತ್ತದೆ. ತಿಂಡಿ ಸಿಕ್ಕಿದ್ದು ಕಾಲಿಟ್ಟದ್ದಕ್ಕೆ. ಸದ್ದು ಈ ಎಡೆಯನ್ನು ತುಂಬುತ್ತದೆ: ಕುಂಡೆ ನೆಲ ಮುಟ್ಟಿದ ಆ ಕ್ಷಣಕ್ಕೆ ಟಕ್ ಎಂದರೆ, ತಿಂಡಿ ಎರಡು ಸೆಕೆಂಡು ತಡವಾಗಿ ಬಂದರೂ ಯಾವುದಕ್ಕಾಗಿ ಬಂತೆಂಬುದು ನಾಯಿಗೆ ಗೊತ್ತಿರುತ್ತದೆ. ಒಳ್ಳೆಯ ಫಲ ಕಂಡ ನಡೆ ಹೆಚ್ಚುತ್ತದೆ, ಕಾಣದ ನಡೆ ಸೊರಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಅಗಳಿ ಹಾಕಿದ ಪೆಟ್ಟಿಗೆಯಿಂದ ಹೊರಬರಲು ಕಲಿಯುವ ಬೆಕ್ಕುಗಳಲ್ಲಿ ತೋರಿಸಿದ್ದರು. ಇನ್ನೊಬ್ಬ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅದನ್ನು ಅಳೆದು ಲೆಕ್ಕಕ್ಕೆ ತಂದರು. ಅವರ ಶಿಷ್ಯರಾದ ಕೆಲ್ಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ ಎರಡನೇ ಮಹಾಯುದ್ಧದ ಕಾಲದ ಪಾರಿವಾಳ ತರಬೇತಿ ಯೋಜನೆಯಲ್ಲಿ ದುಡಿದು, ಆಮೇಲೆ ಸದ್ದಿನ ಗುರುತನ್ನು ಪ್ರಾಣಿ ಪಳಗಿಸುವ ಕಸುಬಿಗೆ ತಂದರು. ಡಾಲ್ಫಿನ್‌ಗಳಿಗೆ ಸೀಟಿ ಊದಿ ಕಲಿಸುತ್ತಿದ್ದ ಕರೆನ್ ಪ್ರಯರ್ 1990ರ ದಶಕದಲ್ಲಿ ಇದನ್ನು ಮನೆ ಮನೆಯ ನಾಯಿಗೆ ತಲುಪಿಸಿದರು. ನೀರಿನಲ್ಲಿರುವ ಡಾಲ್ಫಿನ್‌ಗೆ ಹಗ್ಗ ಕಟ್ಟಿ ಎಳೆಯಲಾಗದು, ಬಡಿಯಲಾಗದು. ಮೀನು ಮತ್ತು ಸೀಟಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅಷ್ಟರಿಂದಲೇ ಆಗುವ ಕೆಲಸಕ್ಕೆ ಅಂಗಳದ ನಾಯಿಗೆ ಬಡಿಗೆ ಯಾಕೆ ಬೇಕು?

ಬಳಸುವ ಕ್ರಮ. ಮೊದಲ ಎರಡು ದಿನ ನಾಯಿಗೆ ಏನನ್ನೂ ಕಲಿಸಬೇಡಿ, ಸದ್ದಿಗೆ ಬೆಲೆ ಕಟ್ಟುವುದಷ್ಟೇ ಕೆಲಸ. ಕಡಲೆಕಾಳಿನ ಗಾತ್ರದ ಹದಿನೈದು ತುಣುಕು ಇಟ್ಟುಕೊಳ್ಳಿ. ಕೈ ಅಲ್ಲಾಡಿಸದೆ ಟಕ್ ಎನ್ನಿಸಿ, ಆಮೇಲೆ ಕೈ ಚಾಚಿ ಒಂದು ತುಣುಕು ಕೊಡಿ. ಹದಿನೈದೂ ಮುಗಿದರೆ ಪಾಠ ಮುಗಿಯಿತು. ಎರಡು ಮೂರು ನಿಮಿಷದ ಕೆಲಸ, ದಿನಕ್ಕೆ ಮೂರು ಸಲ. ನಾಯಿ ಬೇರೆಲ್ಲೋ ನೋಡುತ್ತಿರುವಾಗ ಟಕ್ ಎಂದರೆ ಥಟ್ಟನೆ ನಿಮ್ಮ ಕಡೆ ತಿರುಗಿತೋ, ಸದ್ದಿಗೆ ಬೆಲೆ ಬಂದಿದೆ. ಮೂರನೇ ದಿನ ನಾಯಿಯ ಎದುರು ಸುಮ್ಮನೆ ನಿಂತುಕೊಳ್ಳಿ. ಕರೆಯಬೇಡಿ, ಬೆನ್ನು ಒತ್ತಬೇಡಿ. ಯಾವಾಗಲೋ ಅದು ತಾನಾಗಿ ಕೂರುತ್ತದೆ. ಕೂತ ಕ್ಷಣಕ್ಕೆ ಟಕ್, ತಿಂಡಿಯನ್ನು ಎರಡು ಹೆಜ್ಜೆ ಆಚೆ ನೆಲಕ್ಕೆ ಹಾಕಿ. ತಿನ್ನಲು ಎದ್ದುಹೋದ ನಾಯಿ ಮರಳಿ ಬಂದು ಮತ್ತೆ ಕೂರಲು ಅವಕಾಶ ಸಿಗುತ್ತದೆ, ಅದಕ್ಕೇ ಆಚೆ ಹಾಕುವುದು. ಹತ್ತರಲ್ಲಿ ಎಂಟು ಸಲ ತಾನಾಗಿ ಕೂರತೊಡಗಿದ ಮೇಲೆ, ಕೂರುವುದಕ್ಕೆ ಒಂದು ಗಳಿಗೆ ಮೊದಲು ‘ಕೂರು’ ಎಂಬ ಮಾತು ಸೇರಿಸಿ. ಮಾತು ಮೊದಲು ಹೇಳಿ ನಡೆ ಆಮೇಲೆ ಕಲಿಸುವುದು ಎಲ್ಲರೂ ಮಾಡುವ ತಪ್ಪು. ಅರ್ಥ ಗೊತ್ತಿಲ್ಲದ ಮಾತನ್ನು ಐವತ್ತು ಸಲ ಕೇಳಿದ ನಾಯಿ ಕಲಿಯುವುದು ಒಂದೇ, ಆ ಮಾತಿಗೆ ಕಿವಿಗೊಡಬೇಕಿಲ್ಲ ಎಂದು.

ಹತ್ತಕ್ಕೆ ಎಂಟು ಬಂದರೆ ಪಾಠವನ್ನು ತುಸು ಕಷ್ಟ ಮಾಡಿ, ಐದಕ್ಕಿಂತ ಕಡಿಮೆ ಬಂದರೆ ಒಂದು ಮೆಟ್ಟಿಲು ಇಳಿಯಿರಿ. ಕಷ್ಟ ಮಾಡುವಾಗ ಒಂದನ್ನೇ ಮಾಡಿ: ದೂರ, ಹೊತ್ತು, ಗಲಾಟೆ, ಈ ಮೂರರಲ್ಲಿ ಒಂದನ್ನು ಏರಿಸಿದರೆ ಉಳಿದೆರಡನ್ನು ಇಳಿಸಬೇಕು. ಜಗುಲಿಯ ಮೇಲೆ ಒಂದು ನಿಮಿಷ ಕೂರುವ ನಾಯಿ, ಅಡಿಕೆ ಕೊಯ್ಯುವ ಕೊನೆಗೌಡ ಅಂಗಳಕ್ಕೆ ಬಂದಾಗ ಮೂರು ಸೆಕೆಂಡು ಕೂತರೂ ಅದು ದೊಡ್ಡ ಸಾಧನೆ. ಆ ಮೂರಕ್ಕೇ ಟಕ್ ಎನ್ನಿ. ಕಾರವಾರದ ದಂಡೆಯಲ್ಲಿ ಮೀನಿನ ವಾಸನೆ, ಏಡಿ, ಬೀದಿನಾಯಿ, ಚೆಂಡಾಟದ ಹುಡುಗರು ಎಲ್ಲ ಒಟ್ಟಿಗೆ ಇರುತ್ತಾರೆ. ಮನೆಯಲ್ಲಿ ಕಲಿತದ್ದನ್ನು ಅಲ್ಲಿ ನೇರ ಪರೀಕ್ಷಿಸಿದರೆ ನಾಯಿ ಸೋಲುತ್ತದೆ, ನೀವು ರೇಗುತ್ತೀರಿ. ನಸುಕಿನಲ್ಲಿ, ಜನ ಬರುವ ಮೊದಲು, ದಂಡೆಯ ಅಂಚಿನಲ್ಲಿ ಶುರು ಮಾಡಿ.

ಕ್ಲಿಕ್ಕರ್ ಕೊಂಡು ‘ನಮ್ಮ ನಾಯಿಗೆ ನಡೀಲಿಲ್ಲ’ ಎನ್ನುವವರ ಕೈ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಕ್ಲಿಕ್ಕರ್ ಒತ್ತುವ ಮೊದಲೇ ಇನ್ನೊಂದು ಕೈ ಚೀಲಕ್ಕೆ ಹೋಗಿರುತ್ತದೆ. ನಾಯಿ ಕೈಯನ್ನು ನೋಡುತ್ತದೆ, ಸದ್ದನ್ನು ಕೇಳುವುದಿಲ್ಲ. ಕೆಲವರು ಖುಷಿಗೆ ಟಕಟಕ ಎಂದು ನಾಲ್ಕು ಸಲ ಒತ್ತುತ್ತಾರೆ. ಒಂದು ಟಕ್‌ಗೆ ಒಂದು ತಿಂಡಿ, ತಪ್ಪಿ ಒತ್ತಿದರೂ ತಿಂಡಿ ಕೊಡಲೇಬೇಕು, ಇಲ್ಲದಿದ್ದರೆ ಸದ್ದಿನ ಬೆಲೆ ಇಳಿಯುತ್ತದೆ. ಇನ್ನು ಕೆಲವರು ದೂರದ ನಾಯಿಯನ್ನು ಕರೆಯಲು ಟಕ್ ಎನ್ನಿಸುತ್ತಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು: ಕೋಳಿ ಅಟ್ಟುತ್ತಿರುವ ನಾಯಿಗೆ ಟಕ್ ಎಂದರೆ ‘ಕೋಳಿ ಅಟ್ಟಿದ್ದು ಸರಿ’ ಎಂದು ಹೇಳಿದ ಹಾಗೆ. ಕ್ಲಿಕ್ಕರ್ ಕೇವಲ ಗುರುತು, ಅದು ಕರೆಗಂಟೆ ಅಲ್ಲ.

ಕ್ಲಿಕ್ಕರ್ ಇಲ್ಲದೆಯೂ ಆಗುತ್ತದೆ ಎಂಬುದನ್ನು ಹೇಳಲೇಬೇಕು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಲೊಚಕ್ ಎನ್ನುವ ಸದ್ದು ಬಿಟ್ಟಿ ಸಿಗುತ್ತದೆ, ತುಕ್ಕೂ ಹಿಡಿಯದು. ಮಾತನ್ನು ಗುರುತಾಗಿಸುವುದಾದರೆ ಚಿಕ್ಕದಿರಲಿ, ಮನೆಯಲ್ಲಿ ದಿನವಿಡೀ ಆಡದ ಮಾತಾಗಿರಲಿ. ‘ಹೌದು’ ಬೇಡ, ಫೋನಿನಲ್ಲಿ ಅದನ್ನು ನೂರು ಸಲ ಹೇಳುತ್ತೀರಿ. ‘ಭಲೆ’ ಆದೀತು. ಆದರೆ ಬೇಸರ, ಸಿಟ್ಟು, ಶೀತ ಎಲ್ಲ ದನಿಯಲ್ಲಿ ಬೆರೆಯುತ್ತವೆ. ಒಂದು ಮನೆಯಲ್ಲಿ ನಾಲ್ಕು ಜನ ಕಲಿಸುವಾಗ ನಾಲ್ಕು ದನಿ. ಕ್ಲಿಕ್ಕರ್ ಯಾರ ಕೈಯಲ್ಲಿದ್ದರೂ ಒಂದೇ ಸದ್ದು, ಅದಕ್ಕೇ ಮೊದಲ ಎರಡು ತಿಂಗಳಿಗೆ ಅದು ದುಡ್ಡಿಗೆ ತಕ್ಕ ವಸ್ತು.

ಇದಕ್ಕೆ ಸೇರಿದ ಇನ್ನೊಂದು ತೊಡಕು ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ. ಅಜ್ಜಿ ‘ಕೂತ್ಗ’ ಎನ್ನುತ್ತಾರೆ, ಮೊಮ್ಮಗ ‘ಸಿಟ್’ ಎನ್ನುತ್ತಾನೆ, ಕೆಲಸಕ್ಕೆ ಬರುವವರು ಕೊಂಕಣಿಯಲ್ಲಿ ‘ಬಸ್’ ಎನ್ನುತ್ತಾರೆ. ನಾಯಿ ಮೂರನ್ನೂ ಕಲಿಯಬಲ್ಲದು, ಆದರೆ ಒಂದನ್ನು ಗಟ್ಟಿ ಮಾಡಿದ ಮೇಲೆ. ಮನೆಯವರು ಕೂಡಿ ಐದು ಮಾತು ತೀರ್ಮಾನಿಸಿ, ಕಾಗದದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸುವುದು ಕ್ಲಿಕ್ಕರ್‌ನಷ್ಟೇ ಕೆಲಸ ಮಾಡುತ್ತದೆ.

ತಿಂಡಿ ಚೀಲ. ಅಂಗಡಿಯಲ್ಲಿ ಇನ್ನೂರರಿಂದ ಐನೂರು ರೂಪಾಯಿಯವರೆಗೆ. ನೋಡಬೇಕಾದದ್ದು ಬಾಯಿ ಮತ್ತು ಒಳಪದರ. ಒಂದೇ ಕೈಯಲ್ಲಿ ತೆರೆದು ಮುಚ್ಚುವಂತಿರಬೇಕು. ಜಿಪ್ ಇರುವುದು ಬೇಡ, ಜಿಪ್ ತೆಗೆಯುವ ಸರ್ ಸದ್ದೇ ನಾಯಿಗೆ ಗುರುತಾಗಿಬಿಡುತ್ತದೆ. ಒಳಪದರ ತೊಳೆಯಲು ಬರುವಂತಿರಬೇಕು. ಬಟ್ಟೆಯ ಒಳಪದರದ್ದು ಆಷಾಢದಲ್ಲಿ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಹೋಗುವುದಿಲ್ಲ. ಚೀಲವಿಲ್ಲದಿದ್ದರೆ ಮುಚ್ಚಳದ ಸಣ್ಣ ಡಬ್ಬಿ ಸಾಕು. ಚೀಲ ಕಟ್ಟಿದಾಗ ಮಾತ್ರ ಮಾತು ಕೇಳುವ ನಾಯಿಗಳು ಬಹಳ. ತಪ್ಪು ನಾಯಿಯದಲ್ಲ, ಚೀಲ ಕಟ್ಟಿದಾಗ ಮಾತ್ರ ತಿಂಡಿ ಕೊಟ್ಟವರದ್ದು. ಮೂರನೇ ವಾರದಿಂದ ಚೀಲ ಕಟ್ಟಿಕೊಂಡು ಏನೂ ಕೊಡದೆ ಓಡಾಡಿ. ಜಗುಲಿ ಕಟ್ಟೆಯ ಮೇಲೆ, ಹಿತ್ತಿಲ ಬಾಗಿಲ ಮೇಲೆ ಡಬ್ಬಿಯಿಟ್ಟು, ಬರಿಗೈಯಲ್ಲಿ ಕರೆದು, ಬಂದ ಮೇಲೆ ಡಬ್ಬಿಯ ಹತ್ತಿರ ಹೋಗಿ ತೆಗೆದುಕೊಡಿ.

ಚೀಲಕ್ಕಿಂತ ಚೀಲದೊಳಗಿನದು ಮುಖ್ಯ. ಪ್ಯಾಕೆಟ್ ಬಿಸ್ಕತ್ತು ದೊಡ್ಡದು, ಗಟ್ಟಿ. ಕಡಿದು ನುಂಗುವಷ್ಟರಲ್ಲಿ ಪಾಠದ ಓಟ ತಪ್ಪುತ್ತದೆ. ಮೆತ್ತಗಿನ, ಒಂದೇ ಬಾರಿಗೆ ನುಂಗುವಂಥದ್ದು ಬೇಕು. ಮಾಂಸ ತಿನ್ನುವ ಮನೆಯಾದರೆ ಕೋಳಿಯ ಲಿವರ್ ಉಪ್ಪು–ಮಸಾಲೆ ಇಲ್ಲದೆ ಹತ್ತು ನಿಮಿಷ ಬೇಯಿಸಿ, ತಣಿಸಿ, ಕಡಲೆಕಾಳಿನಷ್ಟು ಕತ್ತರಿಸಿದರೆ ನೂರು ಗ್ರಾಮಿನಲ್ಲಿ ನೂರಕ್ಕೂ ಹೆಚ್ಚು ತುಣುಕು. ದಿನವೂ ಲಿವರ್ ಬೇಡ. ಅದರಲ್ಲಿ ಎ ಜೀವಸತ್ವ ಅತಿಯಾಗಿರುತ್ತದೆ, ವಾರಕ್ಕೆರಡು ಸಲ ಸಾಕು. ಕರಾವಳಿಯಲ್ಲಿ ಬೇಯಿಸಿದ ಬಂಗಡೆ, ಮುಳ್ಳನ್ನು ಪೂರ್ತಿ ತೆಗೆದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದ ದಿನಗಳಲ್ಲಿ ತಾಜಾ ಮೀನು ದುಬಾರಿ. ಆಗ ಒಣಮೀನಿಗೆ ಕೈಹಾಕುವವರಿದ್ದಾರೆ, ಅದರ ಉಪ್ಪು ನಾಯಿಗೆ ಬೇಡ. ಮಾಂಸ ಸೇರಿಸದ ಮನೆಗೆ ಪನೀರು, ಬೇಯಿಸಿದ ಗೆಣಸು, ಚಪಾತಿಯ ಚೂರು, ಕೆಲವು ನಾಯಿಗೆ ಮೊಗೆಕಾಯಿ ಚೂರೂ ಸರಿ. ದಿನದ ಒಟ್ಟು ಆಹಾರದಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ತಿಂಡಿಯಿಂದ ಬರಬಾರದು. ಪಾಠ ಹೆಚ್ಚಾದ ದಿನ ಅನ್ನ ಕಡಿಮೆ ಮಾಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಅಡಿಕೆಯ ವಿಷಯವೂ ಅಷ್ಟೇ. ಅದರಲ್ಲಿರುವ ಅರೆಕೋಲಿನ್ ಒಂದು ಕಾಲಕ್ಕೆ ನಾಯಿಯ ಲಾಡಿಹುಳದ ಔಷಧಿಯಾಗಿತ್ತು. ಪ್ರಮಾಣ ಮೀರಿದರೆ ಜೊಲ್ಲು, ವಾಂತಿ, ಭೇದಿ. ಅಂಗಳದ ತುಂಬ ಅಡಿಕೆ ಒಣಗಿಸುವ ಮನೆಯ ನಾಯಿಗೆ ‘ಬಿಡು’ ಎಂಬ ಪಾಠ ‘ಕೂರು’ವಿಗಿಂತ ಮೊದಲು ಬೇಕು. ಮುಷ್ಟಿಯಲ್ಲಿ ತಿಂಡಿ ಹಿಡಿದು ಮೂಗಿನ ಮುಂದಿಡಿ. ನೆಕ್ಕಲಿ, ಕೆರೆಯಲಿ, ಮುಷ್ಟಿ ತೆರೆಯಬೇಡಿ. ಮೂಗು ಹಿಂದೆ ಸರಿದ ಕ್ಷಣಕ್ಕೆ ಟಕ್, ಇನ್ನೊಂದು ಕೈಯಿಂದ ಬೇರೆ ತಿಂಡಿ.

ಉದ್ದ ಹಗ್ಗಕ್ಕೆ ನಾನೂರರಿಂದ ಏಳುನೂರು. ಹೆದ್ದಾರಿ 66ರ ಅಂಚಿನಲ್ಲಿ ಮನೆಯಿರುವವರಿಗೆ ಇದು ಪ್ರಾಣ ಉಳಿಸುವ ವಸ್ತು, ಏಕೆಂದರೆ ಕರೆದರೆ ಬರುವುದನ್ನು ಕಲಿಸುವ ಎರಡು ತಿಂಗಳೂ ನಾಯಿ ‘ಬಾರದಿರುವುದನ್ನು’ ಕಲಿಯದಂತೆ ತಡೆಯುತ್ತದೆ. ನಾಯ್ಲಾನ್ ಪಟ್ಟಿಯದು ಒದ್ದೆಯಾದರೂ ಬೇಗ ಒಣಗುತ್ತದೆ, ಆದರೆ ಓಡುವ ನಾಯಿ ಎಳೆದರೆ ಅಂಗೈ ಸುಲಿಯುತ್ತದೆ. ಮೀಟರಿಗೊಂದು ಗಂಟು ಹಾಕಿ, ಗಂಟಿನ ಹಿಂದೆ ಹಿಡಿಯಿರಿ. ತೆಂಗಿನ ನಾರಿನ ಹಗ್ಗ ಒರಟು, ಹತ್ತಿಯದು ಮಳೆಯಲ್ಲಿ ಕಲ್ಲಿನಷ್ಟು ಭಾರ. ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬೇಡಿ. ಹತ್ತು ಮೀಟರ್ ಓಡಿ ಹಗ್ಗ ಮುಗಿದಾಗ ಬೀಳುವ ಜಗ್ಗು ಕುತ್ತಿಗೆಯ ಮೇಲಾಗುತ್ತದೆ. ಬೆನ್ನ ಮೇಲೆ ಕೊಂಡಿಯಿರುವ ಎದೆಪಟ್ಟಿಗೇ ಕಟ್ಟಿ. ಅಡಿಕೆ ಸಾಲಿನೊಳಗೆ ಐದು ಮೀಟರ್ ಸಾಕು, ಹತ್ತರದು ಮರ ಸುತ್ತಿಕೊಳ್ಳುತ್ತದೆ.

‘ಬಾ’ ಕಲಿಸುವಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಆಟದ ನಡುವೆ ‘ಬಾ’ ಎಂದು ಕರೆದು, ಬಂದ ಕೂಡಲೇ ಸರಪಳಿ ಹಾಕಿ ಕಟ್ಟುವುದು. ಕಟ್ಟಿದವರ ಲೆಕ್ಕದಲ್ಲಿ ಅದು ಶಿಕ್ಷೆಯಲ್ಲ, ನಾಯಿಯ ಲೆಕ್ಕದಲ್ಲಿ ಹೌದು. ಬಹುಮಾನ ಯಾವುದು, ಶಿಕ್ಷೆ ಯಾವುದು ಎಂದು ತೀರ್ಪು ಕೊಡುವುದು ಪಡೆಯುವವರು. ಮೈಮೇಲೆ ಹಾರುವ ನಾಯಿಯನ್ನು ಎರಡೂ ಕೈಯಲ್ಲಿ ನೂಕಿ ‘ಹಚಾ’ ಎಂದು ಗದರಿಸುವುದನ್ನೂ ಅದು ಆಟವೆಂದೇ ಎಣಿಸಬಹುದು. ಆಮೇಲೆ ಹಾರುವುದು ಹೆಚ್ಚಾಯಿತೋ ಕಡಿಮೆಯಾಯಿತೋ, ಅದೊಂದೇ ಸಾಕ್ಷಿ. ಹತ್ತು ಸಲ ಕರೆದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ, ಹತ್ತನೇ ಸಲ ಕಟ್ಟಿ. ಆಡಲು ಬಿಡುವುದೂ ಬಹುಮಾನವೇ. ಹೆಚ್ಚು ಇಷ್ಟದ ಕೆಲಸದ ಅವಕಾಶವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು ಎಂದು ಮನೋವಿಜ್ಞಾನಿ ಡೇವಿಡ್ ಪ್ರಿಮಾಕ್ 1959ರಲ್ಲಿ ಬರೆದದ್ದು ಇದನ್ನೇ. ಶಾಲೆ ಲೆಕ್ಕ ಮುಗಿಸಿದರೆ ಕ್ರಿಕೆಟ್‌ಗೆ ಬಿಡುವ ತಾಯಂದಿರಿಗೆ ಇದು ಮೊದಲಿನಿಂದಲೂ ಗೊತ್ತು.

ನೋವಿಲ್ಲದ ಶಿಕ್ಷೆಗೆ ಅಂಗಡಿಯಿಂದ ಏನನ್ನೂ ತರಬೇಕಿಲ್ಲ. ನಾಯಿಗೆ ಬೇಕಾದದ್ದು ಸ್ವಲ್ಪ ಹೊತ್ತು ಸಿಗದಂತೆ ಮಾಡಿದರೆ ಆಯಿತು. ಹಗ್ಗ ಎಳೆದರೆ ನಿಂತುಬಿಡಿ. ಹಗ್ಗ ಸಡಿಲಾದ ಕೂಡಲೇ ನಡೆಯಿರಿ. ಮೊದಲ ದಿನ ಮನೆಯಿಂದ ಅಂಗಳದಾಚೆಯ ಬೇಲಿಬಾಗಿಲು ಉಣಗೋಲಿನವರೆಗೆ ಹೋಗಲು ಕಾಲುಗಂಟೆ ಬೇಕಾಗುತ್ತದೆ, ಬೇಕಾಗಲಿ. ಮರಿ ಕೈ ಕಚ್ಚಿ ಆಡಿದರೆ ಎದ್ದು ಒಳಗೆ ಹೋಗಿ, ಇಪ್ಪತ್ತು ಸೆಕೆಂಡು ಬಾಗಿಲು ಹಾಕಿ, ಮತ್ತೆ ಬನ್ನಿ. ಐದು ನಿಮಿಷ ಬೇಡ. ಅಷ್ಟರಲ್ಲಿ ಯಾಕೆ ಒಳಗೆ ಹೋದಿರೆಂಬುದೇ ಮರಿಗೆ ಮರೆತಿರುತ್ತದೆ. ಊಟದ ಹೊತ್ತಿಗೆ ಬೊಗಳಿ ಬೇಡುವ ನಾಯಿಗೆ ಕೊಡುವುದನ್ನು ನಿಲ್ಲಿಸಿದರೆ ಮೊದಲ ಮೂರು ನಾಲ್ಕು ದಿನ ಬೊಗಳುವುದು ಹೆಚ್ಚುತ್ತದೆ. ಹಳೆಯ ದಾರಿ ಕೆಲಸ ಮಾಡದಿದ್ದಾಗ ಇನ್ನೂ ಜೋರಾಗಿ ಪ್ರಯತ್ನಿಸುವುದು ಎಲ್ಲ ಜೀವಿಗಳ ಸ್ವಭಾವ. ನಾಲ್ಕನೇ ದಿನ ತಾಳ್ಮೆ ತಪ್ಪಿ ಅರ್ಧ ದೋಸೆ ಎಸೆದರೆ ಕೆಲಸ ಮೊದಲಿಗಿಂತ ಕೆಟ್ಟಿತು: ಹತ್ತು ನಿಮಿಷ ಬೊಗಳಿದರೆ ಸಿಗುತ್ತದೆ ಎಂದು ನೀವೇ ಕಲಿಸಿದಿರಿ. ಯಾವಾಗಲಾದರೊಮ್ಮೆ ಸಿಗುವ ಬಹುಮಾನ ಯಾವಾಗಲೂ ಸಿಗುವುದಕ್ಕಿಂತ ಗಟ್ಟಿಯಾಗಿ ಬೇರೂರುತ್ತದೆ. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಎಸೆಯುವ ಆಟದ ಮುಂದೆ ಜನ ನಿಲ್ಲುವುದೂ ಇದರಿಂದಲೇ. ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸಿಕೊಳ್ಳಬಹುದು. ಪಾಠ ಗಟ್ಟಿಯಾದ ಮೇಲೆ ಎರಡು ಮೂರು ಸಲಕ್ಕೊಮ್ಮೆ, ಲೆಕ್ಕ ಸಿಗದಂತೆ ಟಕ್ ಎಂದು ತಿಂಡಿ ಕೊಡಿ.

ಚೋಕ್ ಚೈನ್ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಉಸಿರ್ನಾಳ ಒತ್ತುತ್ತದೆ, ಕರಾವಳಿಯಲ್ಲಿ ತುಕ್ಕು ಹಿಡಿದು ಕೂದಲು ಸಿಕ್ಕಿಸಿ ಚರ್ಮ ಹುಣ್ಣಾಗಿಸುತ್ತದೆ, ತಪ್ಪು ಕಡೆಯಿಂದ ಹಾಕಿದರೆ ಎಳೆದ ಮೇಲೆ ಸಡಿಲಾಗುವುದೂ ಇಲ್ಲ. ಬೇಡ.

ಕರೆಂಟ್ ಪಟ್ಟಿಗೆ ಬರೋಣ. ಕೊರಳಿಗೆ ಕೂರುವ ಪೆಟ್ಟಿಗೆ, ಚರ್ಮ ಮುಟ್ಟುವ ಎರಡು ಲೋಹದ ಮೊಳೆ, ಕೈಯಲ್ಲಿ ರಿಮೋಟ್, ಅದರಲ್ಲಿ ಸದ್ದು, ನಡುಕ, ಕರೆಂಟ್ ಎಂಬ ಮೂರು ಗುಂಡಿ. ಬೊಗಳಿದರೆ ತಾನಾಗಿ ಹೊಡೆಯುವ ಬಗೆಯೂ ಇದೆ. ‘ಕಡಿಮೆ ಮಟ್ಟದಲ್ಲಿಟ್ಟರೆ ಚಿಟಿಕೆಯಷ್ಟೇ’ ಎಂದು ಮಾರುವವರು ಹೇಳುತ್ತಾರೆ. ಒಂದೇ ಮಟ್ಟ ಒಣಗಿದ ಕೂದಲಿಗೆ ಒಂದು ಬಗೆ, ಮಳೆಯಲ್ಲಿ ನೆಂದ ಕುತ್ತಿಗೆಗೆ ಇನ್ನೊಂದು ಬಗೆ ತಾಗುತ್ತದೆ; ವರ್ಷದ ನಾಲ್ಕು ತಿಂಗಳು ನೆನೆಯುವ ನಮ್ಮ ಕಡೆಯ ನಾಯಿಗೆ ಆ ಅಂಕಿಯಲ್ಲಿ ಅರ್ಥವಿಲ್ಲ. ಮೊಳೆ ಗಂಟೆಗಟ್ಟಲೆ ಒತ್ತಿದ ಜಾಗ ಹುಣ್ಣಾಗುತ್ತದೆ, ತೇವವಿದ್ದರೆ ಕೀವಾಗುತ್ತದೆ. ಬೊಗಳಿಕೆಗೆ ಹೊಡೆಯುವ ಅಗ್ಗದ ಪಟ್ಟಿಗಳಲ್ಲಿ ಮೈಕ್ ಇರುತ್ತದೆ. ಪಕ್ಕದ ನಾಯಿ ಬೊಗಳಿದರೆ ಇದರ ಕುತ್ತಿಗೆಗೆ ಹೊಡೆತ.

ಇವೆಲ್ಲ ಯಂತ್ರದ ದೋಷ. ಅದಕ್ಕಿಂತ ಆಳದ ದೋಷ, ಹೊಡೆತ ಯಾವುದಕ್ಕೆ ಬಿತ್ತೆಂದು ನಾಯಿ ತೀರ್ಮಾನಿಸುವ ರೀತಿಯಲ್ಲಿದೆ. ಹೊಡೆತ ಬಿದ್ದಾಗ ಅದು ಏನನ್ನು ನೋಡುತ್ತಿತ್ತೋ ಅದನ್ನೇ ದೂರುತ್ತದೆ. ಅಂಗಳಕ್ಕೆ ಬಂದ ಮಗುವಿನ ಕಡೆ ನೋಡಿ ಬೊಗಳಿದಾಗ ಕರೆಂಟ್ ಹೊಡೆದರೆ, ಬೊಗಳಬಾರದೆಂದು ಕಲಿಯುವ ಬದಲು ಮಗು ಬಂದರೆ ನೋವಾಗುತ್ತದೆಂದು ಕಲಿಯಬಹುದು. ಗುರ್ ಎಂದಾಗಲೆಲ್ಲ ಹೊಡೆತ ತಿಂದ ನಾಯಿ ಗುರ್ ಎನ್ನುವುದನ್ನು ಬಿಡುತ್ತದೆ, ಭಯ ಬಿಡುವುದಿಲ್ಲ; ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಘಟ್ಟದ ಮೇಲಿನ ಒಂಟಿಮನೆಗಳಲ್ಲಿ ಚಿರತೆ, ಹಂದಿ, ಮಂಗ ಬಂದದ್ದನ್ನು ಮೊದಲು ಹೇಳುವುದು ನಾಯಿ. ಅದರ ಬಾಯಿಗೆ ಕರೆಂಟ್ ಕಟ್ಟುವುದು ಮನೆಯ ಕಾವಲನ್ನೇ ಕಿತ್ತುಹಾಕಿದಂತೆ. ಬೊಗಳು, ಮೂರು ಸಲ ಸಾಕು, ಆಮೇಲೆ ನನ್ನ ಹತ್ತಿರ ಬಾ ಎಂದು ಕಲಿಸಬಹುದು. ಬೊಗಳಿಕೆಯ ನಡುವಿನ ಮೌನಕ್ಕೆ ಟಕ್ ಎಂದರೆ ಆಯಿತು.

ವೇಲ್ಸ್ ದೇಶ 2010ರಲ್ಲೇ ಕರೆಂಟ್ ಪಟ್ಟಿಯನ್ನು ನಿಷೇಧಿಸಿತು. ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರ ತನ್ನ ಹೇಳಿಕೆಯಲ್ಲಿ, ಎಲ್ಲ ನಾಯಿಗಳಿಗೂ, ಕಚ್ಚುವ ನಾಯಿಗೂ, ಬಹುಮಾನದ ದಾರಿಯನ್ನೇ ಬಳಸಬೇಕು ಎಂದಿತು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಅನಗತ್ಯ ನೋವು ಕೊಡುವುದನ್ನು ಅಪರಾಧವೆನ್ನುತ್ತದೆ. ನೂರು ರೂಪಾಯಿಯಲ್ಲಿ ಕಲಿಸಬಹುದಾದದ್ದಕ್ಕೆ ಕೊಡುವ ಕರೆಂಟು ಅನಗತ್ಯವಲ್ಲದೆ ಇನ್ನೇನು?

ಇಷ್ಟಾದರೂ ಈ ಪಟ್ಟಿಯನ್ನು ಮೆಚ್ಚುವವರಿದ್ದಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ಗುಂಡಿ ಒತ್ತಿದರು, ನಾಯಿ ಆ ಕ್ಷಣ ಸುಮ್ಮನಾಯಿತು. ಆ ಮೌನವೇ ಒತ್ತಿದವರಿಗೆ ಬಹುಮಾನ. ನಾಯಿ ನಾಳೆ ಮತ್ತೆ ಬೊಗಳುತ್ತದೆ, ಅವರು ಮತ್ತೆ ಒತ್ತುತ್ತಾರೆ. ಇಲ್ಲಿ ಪಳಗುತ್ತಿರುವುದು ಬೆರಳು. ಬೈಯುವುದೂ ಹೀಗೆಯೇ ಬೆಳೆಯುತ್ತದೆ. ಅಳುವ ಮಗುವಿನ ಕೈಗೆ ಮೊಬೈಲ್ ಕೊಟ್ಟಾಗ ಇಬ್ಬರೂ ಒಮ್ಮೆಗೇ ಪಾಠ ಕಲಿಯುತ್ತಾರೆ: ಅತ್ತರೆ ಮೊಬೈಲ್ ಸಿಗುತ್ತದೆಂದು ಮಗು, ಮೊಬೈಲ್ ಕೊಟ್ಟರೆ ಅಳು ನಿಲ್ಲುತ್ತದೆಂದು ದೊಡ್ಡವರು. ಸರಿಪಡಿಸುವುದೂ ಅದೇ ದಾರಿಯಲ್ಲಿ. ಅಳು ಶುರುವಾಗುವ ಮೊದಲಿನ ಶಾಂತ ಐದು ನಿಮಿಷಕ್ಕೆ ಗಮನ ಕೊಡಬೇಕು, ಮೊಬೈಲಿನ ಹೊತ್ತು ಗಡಿಯಾರದ ಪ್ರಕಾರ ಬರಬೇಕು.

ಮಕ್ಕಳ ಮಾತು ಬಂದದ್ದರಿಂದ, ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ನಕ್ಷತ್ರದ ಚಾರ್ಟನ್ನೂ ತೂಗಿ ನೋಡಬಹುದು. ನೂರು ರೂಪಾಯಿಯ ಆಸುಪಾಸಿನ ಹಾಳೆ, ಅಂಟಿಸುವ ನಕ್ಷತ್ರಗಳು. ಹಲ್ಲುಜ್ಜುವುದು, ಚೀಲ ಜೋಡಿಸುವುದು, ತಟ್ಟೆ ತೊಳೆಯಲು ಹಾಕುವುದು ಇಂಥ ಬೇಸರದ ಕೆಲಸಗಳಿಗೆ ಮೂರು ನಾಲ್ಕು ವಾರ ಒಳ್ಳೆಯದು. ಒಂದು ಸಲಕ್ಕೆ ಎರಡೇ ಕೆಲಸ ಬರೆಯಿರಿ. ‘ಒಳ್ಳೆಯವನಾಗಿರು’ ಎಂದು ಬರೆಯಬೇಡಿ, ಅದು ಕಣ್ಣಿಗೆ ಕಾಣುವ ಕೆಲಸವಲ್ಲ. ‘ಊಟವಾದ ಮೇಲೆ ತಟ್ಟೆ ಬಚ್ಚಲಿಗೆ’ ಎಂದು ಬರೆಯಿರಿ. ಕೆಲಸ ಆದ ಕೂಡಲೇ ನಕ್ಷತ್ರ, ರಾತ್ರಿ ಒಟ್ಟಿಗೆ ಬೇಡ. ಹಚ್ಚಿದ ನಕ್ಷತ್ರವನ್ನು ಸಿಟ್ಟಿನಲ್ಲಿ ಕೀಳಬೇಡಿ. ದುಡಿದ ಕೂಲಿ ಕಸಿದ ಹಾಗಾಗುತ್ತದೆ, ಆಮೇಲೆ ಚಾರ್ಟಿಗೆ ಬೆಲೆಯಿರುವುದಿಲ್ಲ.

ಮಗು ತಾನಾಗಿ ಇಷ್ಟಪಟ್ಟು ಮಾಡುವುದಕ್ಕೆ ಮಾತ್ರ ಈ ಚಾರ್ಟು ಬೇಡವೇ ಬೇಡ. ಮನೋವಿಜ್ಞಾನಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು 1973ರಲ್ಲಿ 3ರಿಂದ 5 ವರ್ಷದ ಮಕ್ಕಳೊಂದಿಗೆ ಮಾಡಿದ ಪ್ರಯೋಗದಲ್ಲಿ, ಚಿತ್ರ ಬರೆಯಲು ಇಷ್ಟಪಡುವ ಮಕ್ಕಳಿಗೆ ‘ಬರೆದರೆ ಪ್ರಶಸ್ತಿ ಕೊಡುತ್ತೇವೆ’ ಎಂದು ಮೊದಲೇ ಹೇಳಿ ಕೊಟ್ಟಾಗ, ಮುಂದೆ ಬಿಡುವಿನಲ್ಲಿ ಅವರು ಬರೆಯುವುದು ಕಡಿಮೆಯಾಯಿತು. ಹೇಳದೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ತಾಳಮದ್ದಳೆ ಕೇಳುತ್ತ ತಾನೇ ಪದ್ಯ ಗುನುಗುವ ಹುಡುಗಿಗೆ ಪದ್ಯಕ್ಕೊಂದು ನಕ್ಷತ್ರ ಹಚ್ಚಬೇಡಿ, ಪಕ್ಕದಲ್ಲಿ ಕೂತು ಕೇಳಿ.

ದಂಡ ಹಾಕುವುದೂ ಅಂದುಕೊಂಡಂತೆ ಕೆಲಸ ಮಾಡುವುದಿಲ್ಲ. ಇಸ್ರೇಲಿನ ಹೈಫಾದಲ್ಲಿ, ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪಾಲಕರಿಗೆ ಶಿಶುವಿಹಾರಗಳು ಸಣ್ಣ ದಂಡ ಹಾಕಿದಾಗ ತಡವಾಗಿ ಬರುವವರು ಹೆಚ್ಚಾದರು. ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. ಅರ್ಥಶಾಸ್ತ್ರಜ್ಞರಾದ ಉರಿ ಗ್ನೀಝಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಶಿಕ್ಷಕಿಯನ್ನು ಕಾಯಿಸಿದ ಸಂಕೋಚದ ಜಾಗಕ್ಕೆ ಹಣ ಬಂದು ಕೂತಿತ್ತು. ಹಣ ಕೊಟ್ಟ ಮೇಲೆ ಸಂಕೋಚವೇಕೆ? ಕೂಲಿಗೆ ತಡವಾಗಿ ಬಂದವರಿಗೆ ಐವತ್ತು ರೂಪಾಯಿ ಹಿಡಿಯುವ ತೋಟದವರು, ಹೊತ್ತಿಗೆ ಬಂದವರಿಗೆ ಮೊದಲ ಚಹಾ ಬಿಸಿಯಾಗಿ ಸಿಗುವಂತೆ ಮಾಡಿ ಒಂದು ತಿಂಗಳು ನೋಡಲಿ.

ಕೊಳ್ಳಬೇಕಾದದ್ದು ಇಷ್ಟೇ: ಒಂದೇ ಬಗೆಯ ಎರಡು ಕ್ಲಿಕ್ಕರ್, ಐದು ಮೀಟರಿನ ನಾಯ್ಲಾನ್ ಹಗ್ಗ, ಎದೆಪಟ್ಟಿ. ಎದೆಪಟ್ಟಿಯನ್ನು ನಾಯಿಯ ಮೈಗೆ ಹಾಕಿಯೇ ಕೊಳ್ಳಿ. ಪಟ್ಟಿ ಮತ್ತು ಮೈ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಮೂರು ಹೋದರೆ ನಾಯಿ ಕಳಚಿಕೊಂಡು ಓಡುತ್ತದೆ. ಮಳೆಗಾಲದಲ್ಲಿ ಪಾಠ ಮುಗಿದ ಮೇಲೆ ಪಟ್ಟಿ ಬಿಚ್ಚಿ ಕಂಕುಳು, ಬೆರಳಸಂದು ನೋಡಿ ಉಂಬಳ (ಜಿಗಣೆ) ತೆಗೆಯಿರಿ. ಆ ಹೊತ್ತಿಗೆ ಮೈ ಮುಟ್ಟಿಸಿಕೊಂಡು ಸುಮ್ಮನೆ ನಿಂತದ್ದಕ್ಕೂ ಒಂದು ಟಕ್, ಒಂದು ತುಣುಕು ಕೊಡಿ.